ಹಣ ಮಹಬೂಲಾದಿಂದ, ಸಹಿ ಅಮ್ಮನದು



ಮಹಬೂಲಾದಲ್ಲಿ ಕುಳಿತು ಸೋಲಾರ್ ಬಗ್ಗೆ ಮಾತಾಡುವುದು ಸ್ವಲ್ಪ ವಿಚಿತ್ರವೇ. ಇಲ್ಲಿ ನಮ್ಮಲ್ಲಿ ಹೆಚ್ಚಿನವರದ್ದು ಬಾಡಿಗೆ ಫ್ಲಾಟು. ತಾರಸಿ ಕಟ್ಟಡದ ಮಾಲೀಕರದ್ದು. ಅಲ್ಲಿ ನೀರಿನ ಟ್ಯಾಂಕು, ಡಿಶ್, ಏಸಿ ಯಂತ್ರಗಳಿಗೇ ಜಾಗ ಸಾಲದು. ಕರೆಂಟಿನ ಹಣ ಎಷ್ಟೋ ಜನರಿಗೆ ಬಾಡಿಗೆಯಲ್ಲೇ ಸೇರಿಹೋಗಿರುತ್ತದೆ. ಬಾಡಿಗೆ ಕಟ್ಟಡಗಳಿಗೆ ಯುನಿಟ್ಟಿಗೆ 5 ಫಿಲ್ಸ್ ದರ, ಅಂದರೆ ನಮ್ಮ ರೂಪಾಯಿ ಲೆಕ್ಕದಲ್ಲಿ ಒಂದೂವರೆಯ ಆಸುಪಾಸು. ಇಷ್ಟು ಅಗ್ಗದ ಕರೆಂಟಿನಲ್ಲಿ ವರ್ಷಗಟ್ಟಲೆ ಬದುಕಿದವರಿಗೆ ಊರಿನ ಮನೆಯ ಬಿಲ್ಲಿನಲ್ಲಿ ಏನಿರುತ್ತದೆ ಎಂಬುದೇ ಮರೆತುಹೋಗಿರುತ್ತದೆ.

ಆದರೂ ನಮ್ಮ ಫೋನುಗಳಲ್ಲಿ ಈಗ ಸೋಲಾರ್‌ದೇ ಸುದ್ದಿ. ಊರಿನ ಭಾವ ಒಂದು ಜಾಹೀರಾತು ಕಳಿಸುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಬರುತ್ತದೆ: ಬಿಲ್ಲು ಸೊನ್ನೆ, ಸಬ್ಸಿಡಿ 78,000, ಇವತ್ತೇ ಬುಕ್ ಮಾಡಿ. ಕುಂದಾಪುರದ ಮನೆಗೆ, ಬಂಟ್ವಾಳದ ಮನೆಗೆ, ಮಂಜೇಶ್ವರದ ಮನೆಗೆ ಪ್ಯಾನೆಲ್ ಹಾಕಿಸುವ ತೀರ್ಮಾನ ಇಲ್ಲಿನ ಸಂಬಳದ ದಿನ ಆಗುತ್ತದೆ. ಹಣ ಇಲ್ಲಿಂದ ಹೋಗುತ್ತದೆ. ಸಹಿ ಹಾಕುವವರು ಅಲ್ಲಿರುವ ಎಪ್ಪತ್ತು ದಾಟಿದ ಅಮ್ಮ ಅಥವಾ ಅಪ್ಪ. ತಾರಸಿಯ ಮೇಲೆ ಏನು ಕೂರಿಸಿದರು ಎಂದು ಹತ್ತಿ ನೋಡುವವರು ಯಾರೂ ಇಲ್ಲ. ಮೋಸ ಆಗುವುದು ಈ ಜಾಗದಲ್ಲೇ. ಆಮೇಲೆ ದೂರು ಕೊಡಲು ಹೊರಟಾಗ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಕಾನೂನು ನಮ್ಮ ಕಡೆಗೇ ಇದೆ, ಆದರೆ ಅದಕ್ಕೆ ಸಾಕ್ಷಿ ಬೇಕು, ಮತ್ತು ಆ ಸಾಕ್ಷಿಯನ್ನು ಪ್ಯಾನೆಲ್ ಮನೆಗೆ ಬರುವ ಮೊದಲೇ ಮಾಡಿಟ್ಟುಕೊಳ್ಳಬೇಕು. ಇಂದಿನ ಮಾತು ಅದರ ಬಗ್ಗೆ.

ಮೊದಲು ಯೋಜನೆಯ ವಿಷಯ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ 'ಪಿಎಂ ಸೂರ್ಯ ಘರ್: ಮುಫ್ತ್ ಬಿಜ್ಲಿ ಯೋಜನಾ' ಆರಂಭಿಸಿತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿ ಮೊತ್ತ, 2026-27ರವರೆಗೆ ಅವಧಿ. ಸಬ್ಸಿಡಿ ಮೊದಲ 2 ಕಿಲೋವಾಟ್‌ಗೆ ತಲಾ 30,000, ಮೂರನೆಯ ಕಿಲೋವಾಟ್‌ಗೆ 18,000. ಅಲ್ಲಿಗೆ 78,000, ಅದೇ ಗರಿಷ್ಠ. 5 ಕಿಲೋವಾಟ್ ಹಾಕಿಸಿದರೂ 78,000, 10 ಹಾಕಿಸಿದರೂ ಅಷ್ಟೇ. "ದೊಡ್ಡದು ಹಾಕಿಸಿ, ಸಬ್ಸಿಡಿ ಜಾಸ್ತಿ ಬರುತ್ತದೆ" ಎಂದವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಬಹುದು.

ಈ ಸಬ್ಸಿಡಿಯ ಹಿಂದೆ ಒಂದು ಲೆಕ್ಕವಿದೆ. ಸರಕಾರ ಮಾನದಂಡವಾಗಿ ಇಟ್ಟುಕೊಂಡ ಬೆಲೆ ಮೊದಲ ಎರಡು ಕಿಲೋವಾಟ್‌ಗೆ ತಲಾ 50,000, ಮೂರನೆಯದಕ್ಕೆ 45,000. ಅಂದರೆ 3 ಕಿಲೋವಾಟ್‌ಗೆ 1,45,000 ರೂಪಾಯಿ, ಸುಮಾರು 500 ದಿನಾರ್. ಮಾರುಕಟ್ಟೆಯಲ್ಲಿ ಇದಕ್ಕಿಂತ ಹೆಚ್ಚು ಕೇಳುವುದು ಸಾಮಾನ್ಯ, ಎತ್ತರದ ಸ್ಟ್ಯಾಂಡು, ಉದ್ದದ ವಯರು ಎಂದು ಕಾರಣಗಳೂ ಇರುತ್ತವೆ. ಆದರೆ ಹೆಚ್ಚಿಗೆ ಕೇಳಿದ ಪ್ರತಿ ರೂಪಾಯಿ ಯಾವುದಕ್ಕೆ ಎಂದು ಕೊಟೇಶನ್‌ನಲ್ಲಿ ಬರೆದಿರಬೇಕು. "ಎಲ್ಲ ಸೇರಿ ಎರಡೂವರೆ ಲಕ್ಷ" ಎಂದು ಒಂದೇ ಸಾಲು ಬರೆದುಕೊಟ್ಟರೆ ಅದು ಕೊಟೇಶನ್ ಅಲ್ಲ.

ಇನ್ನು ಸೊನ್ನೆ ಬಿಲ್ಲಿನ ಮಾತು. ಇಲ್ಲಿ ಕರ್ನಾಟಕದವರು ಸ್ವಲ್ಪ ನಿಧಾನಿಸಬೇಕು. 2023ರ ಜುಲೈನಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯುನಿಟ್ ಒಳಗೆ, ಆ ಮನೆಯ ಹಿಂದಿನ ಸರಾಸರಿಗೆ ತಕ್ಕಂತೆ ನಿಗದಿಯಾದ ಯುನಿಟ್‌ಗಳು ಉಚಿತ. ಅಪ್ಪ ಅಮ್ಮ ಇಬ್ಬರೇ ಇರುವ ಮನೆ, ಎರಡು ಫ್ಯಾನು, ಫ್ರಿಜ್ಜು, ಟಿವಿ, ಬಾವಿಯ ಪಂಪು. ತಿಂಗಳಿಗೆ 100, 120 ಯುನಿಟ್. ಆ ಮನೆಗೆ ಬಿಲ್ಲು ಈಗಾಗಲೇ ಸೊನ್ನೆ ಬರುತ್ತಿರಬಹುದು. ಸೊನ್ನೆಯನ್ನು ಮತ್ತೆ ಸೊನ್ನೆ ಮಾಡಲು ಒಂದೂವರೆ ಲಕ್ಷ ಏಕೆ ಎಂದು ಮಾರಾಟಗಾರ ಕೇಳುವುದಿಲ್ಲ, ನಾವೇ ಕೇಳಿಕೊಳ್ಳಬೇಕು. ಹೆಚ್ಚುವರಿ ಕರೆಂಟನ್ನು ಮೆಸ್ಕಾಂಗೆ ಮಾರಬಹುದಲ್ಲ ಎನ್ನುತ್ತಾರೆ. ಮಾರಬಹುದು, ಆದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಅದಕ್ಕೆ ಗೊತ್ತುಪಡಿಸುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ.

ಅದೇ, ಅಣ್ಣ ತಮ್ಮಂದಿರ ಸಂಸಾರ ಒಟ್ಟಿಗಿರುವ, ಎರಡು ಏಸಿ ಓಡುವ, ತಿಂಗಳಿಗೆ 350 ಯುನಿಟ್ ಉರಿಯುವ ಮನೆಯ ಲೆಕ್ಕ ಬೇರೆ. 200 ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ಲು. 2025ರ ಏಪ್ರಿಲ್‌ನಿಂದ ಗೃಹಬಳಕೆಗೆ ಯುನಿಟ್ಟಿಗೆ 5 ರೂಪಾಯಿ 80 ಪೈಸೆ ದರ. 3 ಕಿಲೋವಾಟ್ ಪ್ಯಾನೆಲ್ ನಮ್ಮ ಕಡೆ ವರ್ಷದ ಸರಾಸರಿಯಲ್ಲಿ ತಿಂಗಳಿಗೆ 300 ಯುನಿಟ್ ಚಿಲ್ಲರೆ ಕೊಡುತ್ತದೆ. ತಿಂಗಳಿಗೆ 1,740 ರೂಪಾಯಿ ಉಳಿತಾಯ ಎಂದು ಹಿಡಿಯಿರಿ. ಮಾನದಂಡ ಬೆಲೆಗೇ ಸಿಕ್ಕಿತು, ಸಬ್ಸಿಡಿ ಕಳೆದು ಕೈಯಿಂದ ಹೋದದ್ದು 67,000 ಎಂದಾದರೆ ಮೂರು ವರ್ಷ ಚಿಲ್ಲರೆಯಲ್ಲಿ ಹಣ ವಾಪಸು. ಎರಡು ಲಕ್ಷ ಕೊಟ್ಟಿದ್ದರೆ ಆರು ವರ್ಷದ ಸಮೀಪ. ಎರಡೂ ಕೆಟ್ಟ ವ್ಯವಹಾರವಲ್ಲ. ಆದರೆ ಆಗಲೂ ಬಿಲ್ಲು ಪೂರ್ತಿ ಸೊನ್ನೆಯಾಗದು. ನಿಗದಿತ ಶುಲ್ಕ ಇದ್ದೇ ಇರುತ್ತದೆ. ಮತ್ತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮೋಡದಲ್ಲಿ ಆ 300 ಯುನಿಟ್ಟಿನ ಆಸೆ ಇಟ್ಟುಕೊಳ್ಳಬೇಡಿ. ರಾಯಚೂರಿನ ಬಿಸಿಲಿನ ಅಂಕಿ ತೋರಿಸಿ ಉಡುಪಿಯಲ್ಲಿ ಮಾರುವವರಿದ್ದಾರೆ.

ಅತಿ ಹೆಚ್ಚು ಬೇಸರಕ್ಕೆ ಕಾರಣವಾಗುವುದು ಇನ್ನೊಂದು ವಿಷಯ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ, ಅಮ್ಮ ಕತ್ತಲಲ್ಲಿ. ಅದಕ್ಕೇ ಸೋಲಾರ್ ಹಾಕಿಸಿದೆ ಎನ್ನುತ್ತಾರೆ ಬಹಳ ಜನ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ ಆನ್‌ಗ್ರಿಡ್ ವ್ಯವಸ್ಥೆ ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಉರಿ ಬಿಸಿಲಿದ್ದರೂ ಸರಿ. ಅದು ಕೆಟ್ಟದ್ದಲ್ಲ, ಹಾಗೆಯೇ ಮಾಡಿರುವುದು. ಕಂಬ ಹತ್ತಿ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟು ಹಿಂದಿನಿಂದ ಹೊಡೆಯಬಾರದಲ್ಲ. ಕತ್ತಲಲ್ಲೂ ಬೆಳಕು ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆ ಬೇಕು. ಅದಕ್ಕೆ ಹೆಚ್ಚು ಹಣ, ಮತ್ತು ಬ್ಯಾಟರಿ ಪ್ಯಾನೆಲ್‌ನಷ್ಟು ವರ್ಷ ಬಾಳುವುದಿಲ್ಲ. "ಕರೆಂಟು ಹೋದಾಗ ಉರಿಯುತ್ತದಾ?" ಎಂಬ ಈ ಒಂದು ಪ್ರಶ್ನೆಯನ್ನು ವಾಟ್ಸಾಪ್‌ನಲ್ಲಿ ಬರೆದೇ ಕೇಳಿ, ಉತ್ತರವನ್ನೂ ಬರೆದೇ ಪಡೆಯಿರಿ. ಫೋನಿನಲ್ಲಿ ಹೇಳಿದ "ಹೌದು ಸಾರ್" ನಾಳೆ ಯಾರಿಗೂ ಕೇಳಿಸುವುದಿಲ್ಲ.

ಹಾಕಿಸುವುದೇ ಸೈ ಎಂದಾಯಿತು. ಈಗ ಕಾಗದ. ಮೊದಲು ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ ನೋಡಿ. ನಮ್ಮ ಕಡೆಯ ಎಷ್ಟೋ ಮನೆಗಳ ಮೀಟರು ತೀರಿಹೋದ ಅಪ್ಪನ, ಕೆಲವೊಮ್ಮೆ ಅಜ್ಜನ ಹೆಸರಿನಲ್ಲೇ ಓಡುತ್ತಿರುತ್ತದೆ. ಅರ್ಜಿ, ಮೀಟರು, ಸಬ್ಸಿಡಿ ಬೀಳುವ ಬ್ಯಾಂಕ್ ಖಾತೆ ಮೂರೂ ಒಬ್ಬರದ್ದೇ ಆಗಿದ್ದರೆ ಗೊಂದಲವಿಲ್ಲ. ಆದ್ದರಿಂದ ಮೆಸ್ಕಾಂ ಕಚೇರಿಯಲ್ಲಿ ಹೆಸರು ಬದಲಾವಣೆ ಮೊದಲು, ಸೋಲಾರ್ ಆಮೇಲೆ. ಕಾಸರಗೋಡಿನವರಿಗೆ ಇದೇ ಕೆಲಸ ಕೆಎಸ್‌ಇಬಿಯಲ್ಲಿ.

ಅರ್ಜಿ ಹಾಕುವುದು ಸೂರ್ಯ ಘರ್ ಜಾಲತಾಣದಲ್ಲಿ. ಅದನ್ನು ಮಹಬೂಲಾದಿಂದಲೇ ಮಾಡಬಹುದು. ಆದರೆ ನೋಂದಣಿಗೆ ಕೊಡುವ ಮೊಬೈಲ್ ನಂಬರ್ ಅಮ್ಮನದ್ದೋ, ಊರಲ್ಲಿರುವ ತಂಗಿಯದ್ದೋ ಆಗಿರಲಿ. "ನಾವೇ ಎಲ್ಲ ಮಾಡಿಕೊಡುತ್ತೇವೆ ಅಮ್ಮ, ಬರೀ ಓಟಿಪಿ ಹೇಳಿ" ಎಂದು ತಮ್ಮ ನಂಬರನ್ನೇ ಹಾಕಿಬಿಡುವವರಿದ್ದಾರೆ. ಹಾಗಾದರೆ ಅರ್ಜಿ ಎಲ್ಲಿಗೆ ಬಂತು, ಎಷ್ಟು ಕಿಲೋವಾಟ್ ಎಂದು ಬರೆದರು, ಯಾವ ಖಾತೆ ಕೊಟ್ಟರು ಎಂಬುದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಸಬ್ಸಿಡಿ ಗ್ರಾಹಕರ ಖಾತೆಗೇ ನೇರವಾಗಿ ಬರುವಂಥದ್ದು, ಅದೂ ಪ್ಯಾನೆಲ್ ಕೂರಿಸಿ, ಮೆಸ್ಕಾಂನವರು ಪರಿಶೀಲಿಸಿ, ಎರಡೂ ಕಡೆ ಓಡುವ ಮೀಟರ್ ಹಾಕಿದ ಮೇಲೆ. ಮುಂಚಿತವಾಗಿ ಯಾರಿಗೂ ಬರುವುದಿಲ್ಲ. "ನಾಳೆಗೆ ಸಬ್ಸಿಡಿ ಮುಗಿಯುತ್ತದೆ" ಎಂಬ ಅವಸರವೂ ಸುಳ್ಳೇ.

ಕೆಲಸಗಾರರನ್ನು ಆ ಜಾಲತಾಣದ ನೋಂದಾಯಿತ ಪಟ್ಟಿಯಿಂದಲೇ ಆರಿಸಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಆದರೆ ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಕೆಲಸ ಒಳ್ಳೆಯದೆಂದು ಸರಕಾರ ಜಾಮೀನು ಕೊಟ್ಟಂತಲ್ಲ. ಮನೆಗೆ ಬಂದವನು ಹೇಳುವ ಕಂಪನಿ ಹೆಸರು, ಪಟ್ಟಿಯಲ್ಲಿರುವ ಹೆಸರು, ಕೊಟೇಶನ್‌ನ ಹೆಸರು, ಹಣ ಹೋಗುವ ಬ್ಯಾಂಕ್ ಖಾತೆಯ ಹೆಸರು ನಾಲ್ಕೂ ಒಂದೇ ಇರಬೇಕು. ಹುಡುಗನ ಸ್ವಂತ ಗೂಗಲ್ ಪೇಗೆ ಅಡ್ವಾನ್ಸ್ ಹಾಕಬೇಡಿ. 2013ರಲ್ಲಿ ಕೇರಳವನ್ನೇ ಅಲುಗಾಡಿಸಿದ ಸೋಲಾರ್ ಪ್ರಕರಣ ಕಾಸರಗೋಡಿನ ನಮ್ಮ ಕೇಳುಗರಿಗೆ ನೆನಪಿರುತ್ತದೆ. ಟೀಮ್ ಸೋಲಾರ್ ಎಂಬ ಸಂಸ್ಥೆ ಸೌರ ವಿದ್ಯುತ್ತಿನ ಹೆಸರಿನಲ್ಲಿ ಹಲವರಿಂದ ಮುಂಗಡ ಪಡೆದು ವಂಚಿಸಿದ ಆರೋಪ ವಿಧಾನಸಭೆಯವರೆಗೂ ಹೋಗಿತ್ತು. ರಾಜಕೀಯವೇ ದೊಡ್ಡದಾಗಿ, ಅದು ಶುರುವಾದದ್ದು ಅಡ್ವಾನ್ಸ್ ಹಣದಿಂದ ಎಂಬುದು ಮರೆತೇಹೋಯಿತು.

ಹಣವನ್ನು ಕಂತಿನಲ್ಲಿ ಕೊಡಿ: ಸ್ವಲ್ಪ ಬುಕ್ಕಿಂಗಿಗೆ, ಹೆಚ್ಚಿನ ಪಾಲು ಸಾಮಾನು ಮನೆಗೆ ಬಂದು ನಂಬರ್ ತಾಳೆ ನೋಡಿದ ಮೇಲೆ, ಕೊನೆಯ ಪಾಲು ಮೆಸ್ಕಾಂ ಮೀಟರ್ ಹಾಕಿ ಚಾಲನೆಯಾದ ಮೇಲೆ. ಕೊನೆಗೆ ಉಳಿಸಿಕೊಂಡ ಆ ಮೊತ್ತವೇ ಮುಂದೆ ಫೋನ್ ಎತ್ತಿಸುತ್ತದೆ. ಈ ಕಂತುಗಳನ್ನು ಒಪ್ಪಂದದಲ್ಲಿ ಬರೆಸಿ. ಗ್ರಾಹಕ ಮತ್ತು ಮಾರಾಟಗಾರರ ನಡುವಿನ ಮಾದರಿ ಒಪ್ಪಂದ ಯೋಜನೆಯಲ್ಲೇ ಇದೆ. ಪ್ಯಾನೆಲ್‌ನ ಕಂಪನಿ, ಮಾಡೆಲ್, ಎಷ್ಟು ವಾಟ್, ಎಷ್ಟು ಹಲಗೆ, ಇನ್ವರ್ಟರ್ ಯಾವುದು ಎಂದು ಹೆಸರಿಟ್ಟು ಬರೆದಿರಲಿ. "ಒಳ್ಳೆಯ ಕಂಪನಿಯದು" ಎಂಬ ಕಂಪನಿ ಯಾವುದೂ ಇಲ್ಲ.

ಸಬ್ಸಿಡಿ ಬೇಕಾದರೆ ಪ್ಯಾನೆಲ್ ಭಾರತದಲ್ಲೇ ಮಾಡಿದ್ದಾಗಿರಬೇಕು, ಅದರೊಳಗಿನ ಸೆಲ್ ಸಮೇತ. ಇದನ್ನು ಡಿಸಿಆರ್ ಪ್ಯಾನೆಲ್ ಎನ್ನುತ್ತಾರೆ. ಹೊರಗಿನ ಸೆಲ್ ಹಾಕಿದ ಪ್ಯಾನೆಲ್‌ಗಳು ಅಗ್ಗ. ಡಿಸಿಆರ್ ಬೆಲೆ ತೆಗೆದುಕೊಂಡು ಅಗ್ಗದ್ದನ್ನು ಕೂರಿಸಿದರೆ ಕೆಳಗೆ ನಿಂತು ನೋಡುವವರಿಗೆ ವ್ಯತ್ಯಾಸವೇ ತಿಳಿಯದು. ಪ್ರತಿ ಹಲಗೆಗೂ ಸೀರಿಯಲ್ ನಂಬರ್ ಇರುತ್ತದೆ. ಹಲಗೆಗಳನ್ನು ಮೇಲೆ ಏರಿಸುವ ಮೊದಲೇ, ಅಂಗಳದಲ್ಲಿರುವಾಗಲೇ, ಹಿಂಬದಿಯ ಲೇಬಲಿನ ಫೋಟೋ ತೆಗೆಸಿ ತರಿಸಿಕೊಳ್ಳಿ. ಆ ನಂಬರುಗಳು ಡಿಸಿಆರ್ ಹೌದೇ ಎಂದು ನೋಡಲು ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯ ಜಾಲತಾಣದಲ್ಲಿ ವ್ಯವಸ್ಥೆ ಇದೆ. ಬಿಲ್ಲಿನಲ್ಲೂ ಅವೇ ನಂಬರುಗಳು ಇರಲಿ.

ಬಿಲ್ಲಿನ ತೆರಿಗೆಯನ್ನೂ ಒಮ್ಮೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿಎಸ್‌ಟಿ 12ರಿಂದ 5 ಶೇಕಡಕ್ಕೆ ಇಳಿದಿದೆ. ಸಾಮಾನು ಮತ್ತು ಕೆಲಸ ಸೇರಿದ ಒಟ್ಟು ಗುತ್ತಿಗೆಯಾದರೆ 70 ಪಾಲು ಸಾಮಾನು, 30 ಪಾಲು ಸೇವೆ ಎಂದು ಹಿಡಿದು, ಸೇವೆಯ ಪಾಲಿಗೆ 18. ಒಟ್ಟಿಗೆ ಸುಮಾರು 8.9 ಶೇಕಡ ಆಗುತ್ತದೆ. ಪೂರ್ತಿ ಮೊತ್ತಕ್ಕೆ 18 ಹಾಕಿದ್ದರೆ ಕೇಳಿ. "ಬಿಲ್ಲು ಬೇಡವೆಂದರೆ ಕಮ್ಮಿ ಮಾಡಿಕೊಡುತ್ತೇನೆ" ಎನ್ನುವವರಿಗೆ ಬೇಡ ಎನ್ನಿ. ಬಿಲ್ಲು ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿಲ್ಲದೆ ವಾರಂಟಿಯೂ ಇಲ್ಲ, ಕೇಸೂ ಇಲ್ಲ.

ವಾರಂಟಿ ಎಂದಾಗ 25 ವರ್ಷ ಎಂಬ ಅಂಕಿ ದೊಡ್ಡದಾಗಿ ಕಾಣಿಸುತ್ತದೆ. ಅದು ಸಾಮಾನ್ಯವಾಗಿ ಪ್ಯಾನೆಲ್ ಎಷ್ಟು ಕರೆಂಟು ಕೊಡುತ್ತದೆ ಎಂಬುದಕ್ಕೆ ತಯಾರಕರು ಕೊಡುವ ಭರವಸೆ. ಹಲಗೆಯೇ ಹಾಳಾದರೆ ಬದಲಿಸಿಕೊಡುವ ವಾರಂಟಿಯ ಅವಧಿ ಬೇರೆ, ಇನ್ವರ್ಟರಿನದ್ದು ಇನ್ನೂ ಕಡಿಮೆ. ಸ್ಟ್ಯಾಂಡು ತುಕ್ಕು ಹಿಡಿದರೆ, ತಾರಸಿ ಸೋರಿದರೆ ಅದು ಪ್ಯಾನೆಲ್ ಕಂಪನಿಗೆ ಸಂಬಂಧವೇ ಇಲ್ಲ, ಕೂರಿಸಿದವರ ಹೊಣೆ. ಸೂರ್ಯ ಘರ್ ಯೋಜನೆಯಲ್ಲಿ 5 ವರ್ಷದ ನಿರ್ವಹಣೆ ಕೂರಿಸಿದವರೇ ಮಾಡಬೇಕೆಂಬ ನಿಯಮವಿದೆ. ಅದಕ್ಕೆ ಮತ್ತೆ ಹಣ ಕೇಳಿದರೆ ಕೊಡಬೇಕಾಗಿಲ್ಲ. ನಮ್ಮ ಕುಂದಾಪುರ ಮೂಲದ ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಕಟ್ಟಿದಾಗ, ಬಡವರ ಮನೆಗೆ ಸೋಲಾರ್ ದೀಪ ಮಾರುವುದರ ಜೊತೆ ಹತ್ತಿರದಲ್ಲೇ ರಿಪೇರಿಗೆ ಜನ ಇರಬೇಕೆಂದು ಪಟ್ಟು ಹಿಡಿದರು. ಕರೆದರೆ ಬರುವಷ್ಟು ದೂರದಲ್ಲಿ ಇವರ ಸರ್ವಿಸ್ ಹುಡುಗರಿದ್ದಾರಾ ಎಂಬುದು ಈಗಲೂ, ನನ್ನ ಪ್ರಕಾರ, ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ.

ಇನ್ನು ಮಾಡಿನ ಮೇಲಿನ ಕೆಲಸ. ಕೆಲಸಕ್ಕೆ ಶುಕ್ರವಾರ ಬರಲು ಹೇಳಿ. ನಮಗೆ ರಜೆ, ವಿಡಿಯೋ ಕಾಲ್‌ನಲ್ಲಿ ಕೂತು ನೋಡಬಹುದು. ದಕ್ಷಿಣ ದಿಕ್ಕಿನಲ್ಲಿ ತೆಂಗಿನ ಮರಗಳಿದ್ದರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತಿನ ನೆರಳಿನ ಫೋಟೋ ಮೊದಲೇ ತರಿಸಿ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ತಗ್ಗುತ್ತದೆ. ತೆಂಗಿನಕಾಯಿ ನೇರ ಗಾಜಿನ ಮೇಲೇ ಬೀಳುವ ಸಾಧ್ಯತೆಯ ಬಗ್ಗೆ ಬೇರೆ ಹೇಳಬೇಕಿಲ್ಲ. ಸಮುದ್ರಕ್ಕೆ ಹತ್ತಿರದ ಮನೆಯಾದರೆ ಉಪ್ಪುಗಾಳಿಗೆ ಬಣ್ಣ ಬಳಿದ ಕಬ್ಬಿಣ ಬಾಳದು. ಸತುವಿನಲ್ಲಿ ಅದ್ದಿ ತೆಗೆದ ಸ್ಟ್ಯಾಂಡು, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಎಂದು ಒಪ್ಪಂದದಲ್ಲೇ ಬರೆಸಿ. ಹಂಚಿನ ಮಾಡಿಗೆ ಕೂರಿಸುವುದಾದರೆ ಪಕ್ಕಾಸು ಆ ಭಾರ ತಡೆಯುತ್ತದೆಯೇ ಎಂದು ಊರಿನ ಆಚಾರಿಯವರಿಗೊಮ್ಮೆ ತೋರಿಸಿ.

ಸಿಡಿಲಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಏಪ್ರಿಲ್, ಮೇ ತಿಂಗಳ ಮತ್ತು ಅಕ್ಟೋಬರ್‌ನ ಗುಡುಗು ನಿಮಗೆ ಗೊತ್ತೇ ಇದೆ. ಸಿಡಿಲು ತಡೆಯುವ ಸಲಾಕೆ, ಅದಕ್ಕೆ ಬೇರೆಯೇ ಅರ್ಥಿಂಗ್ ಗುಂಡಿ, ಪ್ಯಾನೆಲ್ ಕಡೆಯ ಡಿಸಿಗೆ ಒಂದು, ಮನೆ ಕಡೆಯ ಏಸಿಗೆ ಒಂದು, ಹೀಗೆ ಮೂರು. ಹಣ ಉಳಿಸಲು ಮೊದಲು ಕೈಬಿಡುವುದು ಇದನ್ನೇ, ಏಕೆಂದರೆ ಮಣ್ಣು ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ. ಗುಂಡಿ ತೆರೆದಿರುವಾಗಲೇ ಕ್ಯಾಮೆರಾ ಹಿಡಿಯಲು ಹೇಳಿ.

ಕೆಲಸ ಮುಗಿದ ದಿನ ಇನ್ವರ್ಟರಿನ ಆಪ್ ನಿಮ್ಮ ಹೆಸರಿನಲ್ಲೇ ತೆರೆಸಿ, ಪಾಸ್‌ವರ್ಡ್ ಅವರ ಬಳಿ ಉಳಿಯದಿರಲಿ. ಮನೆಯಲ್ಲಿ ವೈಫೈ ಇದ್ದರೆ ಇವತ್ತು ಎಷ್ಟು ಯುನಿಟ್ ಬಂತೆಂದು ಮಹಬೂಲಾದಲ್ಲೇ ನೋಡಬಹುದು. ಬಿಸಿಲಿನ ತಿಂಗಳಲ್ಲಿ 3 ಕಿಲೋವಾಟ್‌ಗೆ ದಿನಕ್ಕೆ 12 ಯುನಿಟ್ ಬರಬೇಕಾದಲ್ಲಿ 6 ಬರುತ್ತಿದ್ದರೆ ಆ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ. ಆಯೋಗದ ಮುಂದೆ ಅವು ಅಮ್ಮನ ಮಾತಿಗಿಂತ ಹೆಚ್ಚು ತೂಗುತ್ತವೆ.

ಕೆಟ್ಟೇಹೋಯಿತು, ಫೋನ್ ಎತ್ತುತ್ತಿಲ್ಲ ಎಂದುಕೊಳ್ಳೋಣ. ತಪ್ಪು ಯಾರದೆಂದು ಮೊದಲು ಬೇರೆ ಮಾಡಿಕೊಳ್ಳಿ. ಮೀಟರ್ ಹಾಕಲು, ಅನುಮತಿ ಕೊಡಲು ಮೆಸ್ಕಾಂ ತಡಮಾಡಿದರೆ ಅದು ಬೇರೆ ದಾರಿ. 2024ರ ಫೆಬ್ರವರಿಯ ತಿದ್ದುಪಡಿಯಾದ ಮೇಲೆ 10 ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆಯೇ ಬೇಕಿಲ್ಲ. ದೂರು ಮೊದಲು 1912ಕ್ಕೆ, ಆಗದಿದ್ದರೆ ವಿದ್ಯುತ್ ಗ್ರಾಹಕರ ಕುಂದುಕೊರತೆ ವೇದಿಕೆಗೆ, ಅಲ್ಲಿಂದ ವಿದ್ಯುತ್ ಓಂಬುಡ್ಸ್‌ಮನ್‌ಗೆ.

ಮಾರಾಟಗಾರರ ಮೇಲಿನ ದೂರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ವಿದೇಶದಿಂದ ಆ ನಂಬರಿಗೆ ಕರೆ ಮಾಡುವ ಬದಲು 8800001915ಕ್ಕೆ ವಾಟ್ಸಾಪ್ ಮಾಡುವುದು ಸುಲಭ. ಅಲ್ಲಿ ಆದೇಶ ಕೊಡುವುದಿಲ್ಲ, ಕಂಪನಿಗೆ ಬರೆದು ರಾಜಿಗೆ ನೋಡುತ್ತಾರೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕುವೈತ್‌ನಲ್ಲೂ 2014ರ 39ನೇ ಗ್ರಾಹಕ ಸಂರಕ್ಷಣಾ ಕಾನೂನು ಇದೆ, ಆದರೆ ಇಲ್ಲಿ ಅಂಗಡಿಯೇ ಇಲ್ಲದ ಊರಿನ ವ್ಯಾಪಾರಿಯನ್ನು ಅದು ಹಿಡಿಯಲಾರದು.

ಹಣ ಕೊಟ್ಟವನು ಮಗ, ಬಳಸುವವರು ಅಮ್ಮ. ಹಾಗಾದರೆ ಗ್ರಾಹಕ ಯಾರು? ಕಾಯ್ದೆಯ ಪ್ರಕಾರ ಕೊಂಡವರೂ ಹೌದು, ಅವರ ಒಪ್ಪಿಗೆಯಿಂದ ಬಳಸುವವರೂ ಹೌದು. ಕೊಟ್ಟ ಬೆಲೆ 50 ಲಕ್ಷದವರೆಗಿನದ್ದೆಲ್ಲ ಜಿಲ್ಲಾ ಆಯೋಗಕ್ಕೆ ಸೇರುತ್ತದೆ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಹಿಂದೆ ಎದುರು ಪಕ್ಷದವರ ಊರಿಗೆ ಅಲೆಯಬೇಕಿತ್ತು. ಈಗ ದೂರು ಕೊಡುವವರು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು. ಮಾರಾಟಗಾರರ ಕಚೇರಿ ಬೆಂಗಳೂರಿನಲ್ಲಿದ್ದರೂ ಅಮ್ಮ ಉಡುಪಿಯ ಆಯೋಗದಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ದೂರು ಸಲ್ಲಿಸಲು 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣವಿದೆ. ಅಮ್ಮನಿಗೆ ಓಡಾಡಲು ಆಗದು, ಒಪ್ಪಂದ ನಿಮ್ಮ ಹೆಸರಲ್ಲೇ ಇದೆ ಎಂದಾದರೆ ಊರಿನ ನಂಬಿಕಸ್ಥರಿಗೆ ಪವರ್ ಆಫ್ ಅಟಾರ್ನಿ ಕೊಡಿ. ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಮಾಡಿಸಿ ಕಳಿಸಬೇಕು, ಊರು ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು.

ದೂರಿಗೆ ಎರಡು ವರ್ಷದ ಗಡುವು, ದೂರಿಗೆ ಕಾರಣ ಹುಟ್ಟಿದ ದಿನದಿಂದ. "ಮುಂದಿನ ತಿಂಗಳು ಬರುತ್ತೇವೆ" ಎಂಬ ಮಾತು ಕೇಳಿಕೊಂಡೇ ಈ ಎರಡು ವರ್ಷ ಕಳೆಯುವುದುಂಟು. ತೀರ್ಪು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಹೆಚ್ಚು ಹಿಡಿಯುತ್ತದೆ, ಅದಕ್ಕೆ ತಯಾರಿರಿ. ವಿಚಾರಣೆಗೆ ವಿಡಿಯೋ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ಉಡುಪಿಯಲ್ಲಿ ಬೆಳಿಗ್ಗೆ ಹತ್ತೂವರೆ ಎಂದರೆ ಇಲ್ಲಿ ಎಂಟು ಗಂಟೆ. ಡ್ಯೂಟಿಯಲ್ಲಿರುವವರು ಆ ದಿನಕ್ಕೆ ಮೊದಲೇ ಅನುಮತಿ ಕೇಳಿಟ್ಟುಕೊಳ್ಳಿ.